ಬಣ್ಣದ ಶಾಯಿ: ಇಂಕ್ ಪೆನ್ನಿಗೆ ಯಾವುದನ್ನು ತುಂಬಿಸೋಣ?

ಇಂಕ್ ಪೆನ್ನು ರೂಢಿಯಾದವರು ತುಂಬ ದಿನ ನೀಲಿ, ಕಪ್ಪಿನಲ್ಲೇ ನಿಲ್ಲುವುದಿಲ್ಲ. ಮೊದಲ ಬಾಟಲಿ ಅರ್ಧ ಆಗುವಷ್ಟರಲ್ಲಿ ಹಸಿರು ಹೇಗಿರುತ್ತೋ, ಕಂದು ಹೇಗಿರುತ್ತೋ ಅಂತ ಮನಸ್ಸು ಎಳೆಯುತ್ತದೆ. ಹುಡುಕಲು ಕೂತರೆ ಆಯ್ಕೆಗೆ ಕೊನೆಯೇ ಇಲ್ಲ. ಇಂಗ್ಲೆಂಡಿನ ಡಯಮೈನ್ ಕಂಪನಿ ಒಂದೇ ನೂರಕ್ಕೂ ಹೆಚ್ಚು ಬಣ್ಣ ಮಾಡುತ್ತದೆ. ಮೊಬೈಲ್ ಪರದೆಯಲ್ಲಿ ಎಲ್ಲವೂ ಚೆಂದ ಕಾಣುತ್ತವೆ. ಆದರೆ ಫೋಟೊ ತೆಗೆದವರ ನಿಬ್ಬು ಸಾಮಾನ್ಯವಾಗಿ ದಪ್ಪ, ಕಾಗದ ದುಬಾರಿ. ಅದೇ ಶಾಯಿ ನಿಮ್ಮ ಫೈನ್ ನಿಬ್ಬಿನಲ್ಲಿ, ನಿಮ್ಮ ಮಾಮೂಲಿ ನೋಟ್‌ಬುಕ್ಕಿನಲ್ಲಿ ಬೇರೆಯೇ ಬಣ್ಣವಾಗಿ ಇಳಿಯುತ್ತದೆ.

ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಬಣ್ಣವನ್ನು ಕೊನೆಗೆ ಆರಿಸಿ. ಬರೆದದ್ದು ಎಷ್ಟು ದಿನ ಉಳಿಯಬೇಕು ಅನ್ನೋದನ್ನು ಮೊದಲು ಯೋಚಿಸಿ. ಆಮೇಲೆ ನಿಮ್ಮ ಕಾಗದ ಯಾವುದು, ನಿಬ್ಬು ಯಾವುದು ನೋಡಿ. ಇಷ್ಟು ಗೊತ್ತಾದರೆ ಅಂಗಡಿಯಲ್ಲಿರುವ ಮುಕ್ಕಾಲು ಪಾಲು ಬಾಟಲಿಗಳು ತಾವಾಗಿಯೇ ಬದಿಗೆ ಸರಿಯುತ್ತವೆ. ಉಳಿದ ಕೆಲವುಗಳಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ಧೈರ್ಯವಾಗಿ ತರಿಸಬಹುದು.

ಬಾಟಲಿಯೊಳಗೆ ಏನಿದೆ?

ಹೆಚ್ಚಿನ ಶಾಯಿ ಅಂದರೆ ನೀರಿನಲ್ಲಿ ಕರಗಿದ ಡೈ. ಜೊತೆಗೆ ಸಲೀಸಾಗಿ ಹರಿಯಲು ಒಂದಿಷ್ಟು, ಬೇಗ ಒಣಗದಿರಲು ಒಂದಿಷ್ಟು, ಬೂಷ್ಟು ಹಿಡಿಯದಿರಲು ಒಂದಿಷ್ಟು ರಾಸಾಯನಿಕ ಸೇರಿಸಿರುತ್ತಾರೆ. ಪೆನ್ನಿಗೆ ಇದಕ್ಕಿಂತ ಸಾಧು ಶಾಯಿ ಇಲ್ಲ. ಒಣಗಿಹೋದರೂ ನೀರು ಹಾಕಿದರೆ ಬಿಟ್ಟುಕೊಳ್ಳುತ್ತದೆ. ಬಣ್ಣಗಳ ವೈವಿಧ್ಯವೆಲ್ಲ ಇರುವುದು ಇಲ್ಲೇ. ತೊಂದರೆ ಏನಪ್ಪಾ ಅಂದರೆ, ಪೆನ್ನಿನಿಂದ ಸುಲಭವಾಗಿ ತೊಳೆದುಹೋಗುವುದು ಕಾಗದದಿಂದಲೂ ಅಷ್ಟೇ ಸುಲಭವಾಗಿ ಹೋಗುತ್ತದೆ. ಬರೆದ ಹಾಳೆಯ ಮೇಲೆ ನೀರಿನ ಲೋಟ ಉರುಳಿದರೆ ಅಕ್ಷರ ಉಳಿಯುವ ಖಾತ್ರಿ ಇಲ್ಲ. ಬಿಸಿಲೂ ಆಗಿಬರುವುದಿಲ್ಲ. ಅದರಲ್ಲೂ ಹೊಳೆಯುವ ಗುಲಾಬಿ ಮತ್ತು ಕೆಲವು ನೇರಳೆ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ.

ಎರಡನೆಯದು ಪಿಗ್ಮೆಂಟ್ ಶಾಯಿ. ಇದರಲ್ಲಿ ಬಣ್ಣ ಕರಗಿರುವುದಿಲ್ಲ, ಬಲು ನುಣ್ಣನೆಯ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಒಣಗಿದ ಮೇಲೆ ಕಣಗಳು ಕಾಗದದ ನಾರಿಗೆ ಕಚ್ಚಿಕೊಳ್ಳುತ್ತವೆ. ನೀರಿಗೂ ಬಿಸಿಲಿಗೂ ಬಗ್ಗುವುದಿಲ್ಲ. ಜಪಾನಿನ ಪ್ಲಾಟಿನಂ ಕಂಪನಿಯ ಕಾರ್ಬನ್ ಬ್ಲ್ಯಾಕ್, ಸೇಲರ್ ಕಂಪನಿಯ ನೀಲಿ-ಕಪ್ಪು ಸೇ-ಬೊಕು ಈ ಜಾತಿಯವು. ಬೇರೆ ಬಣ್ಣ ಬೇಕೆಂದರೆ ಸೇಲರ್‌ನ ಸ್ಟೋರಿಯಾ ಸಾಲು ಇದೆ. ಜರ್ಮನಿಯ ಡಿ ಆಟ್ರಾಮೆಂಟಿಸ್ ಕಂಪನಿಯ ಡಾಕ್ಯುಮೆಂಟ್ ಶಾಯಿಗಳೂ ನೀರಿಗೆ ಜಗ್ಗುವುದಿಲ್ಲ. ರೇಖಾಚಿತ್ರ ಬರೆದು ಮೇಲೆ ಜಲವರ್ಣ ಹಚ್ಚುವವರಿಗೆ ಇಂಥ ಶಾಯಿಯೇ ಬೇಕು. ಆದರೆ ಪೆನ್ನನ್ನು ದಿನಾ ಬಳಸಬೇಕು. ತುಂಬಿಸಿ ಡ್ರಾಯರಿನಲ್ಲಿಟ್ಟು ಮರೆತರೆ ಫೀಡಿನ (ನಿಬ್ಬಿನ ಕೆಳಗಿದ್ದು ಅದಕ್ಕೆ ಶಾಯಿ ಒದಗಿಸುವ ಭಾಗ) ಸಣ್ಣ ಸಂದಿಗಳಲ್ಲಿ ಕಣಗಳು ಗಟ್ಟಿಯಾಗುತ್ತವೆ. ಆಮೇಲೆ ಬರೀ ನೀರಿಗೆ ಅವು ಬಿಡುವುದಿಲ್ಲ.

ಮೂರನೆಯದು ಐರನ್ ಗಾಲ್. ನನಗೆ ತುಂಬ ಇಷ್ಟವಾದ ಜಾತಿ ಇದು. ಅಳಲೆಕಾಯಿಯ ಚೊಗರು ರಸಕ್ಕೆ ಕಬ್ಬಿಣ ಸೋಕಿದರೆ ಕಪ್ಪಾಗುತ್ತದಲ್ಲ, ಇಲ್ಲಿರುವುದೂ ಅದೇ ರಸಾಯನ. ಟ್ಯಾನಿನ್ ಮತ್ತು ಕಬ್ಬಿಣದ ಲವಣ ಸೇರಿ, ಗಾಳಿ ತಾಗಿದ ಮೇಲೆ ಕಾಗದದ ನಾರಿನೊಳಗೇ ಕಪ್ಪಾಗಿ ನಿಲ್ಲುತ್ತವೆ. ಇಂಗ್ಲೆಂಡಿನಲ್ಲಿ ಜನನ, ಮರಣ, ಮದುವೆಯ ರಿಜಿಸ್ಟರುಗಳಿಗೆ ಬಹುಕಾಲ ಬಳಸುತ್ತಿದ್ದದ್ದು ಈ ಶಾಯಿಯನ್ನೇ. ಐರನ್ ಗಾಲ್ ಅಂದರೆ ನೀಲಿ-ಕಪ್ಪು ಮಾತ್ರ ಅಂದುಕೊಳ್ಳಬೇಡಿ. ರೋರರ್ ಅಂಡ್ ಕ್ಲಿಂಗ್ನರ್ ಕಂಪನಿಯ ಸ್ಕಾಬಿಯೋಸಾ ಮಬ್ಬು ನೇರಳೆ. ಪ್ಲಾಟಿನಂ 2017ರಲ್ಲಿ ತಂದ ಕ್ಲಾಸಿಕ್ ಸಾಲಿನಲ್ಲಿ ಆರು ಬಣ್ಣಗಳಿವೆ. ಅದರಲ್ಲಿ ಕ್ಯಾಸಿಸ್ ಬ್ಲ್ಯಾಕ್ ಅನ್ನುವುದನ್ನು ಬರೆದು ನೋಡಬೇಕು. ನಿಬ್ಬು ಮುಂದೆ ಹೋಗುತ್ತಿರುವಾಗ ಅಕ್ಷರ ಕೆಂಪು. ಸಾಲಿನ ಕೊನೆಗೆ ಬಂದು ಹಿಂದೆ ತಿರುಗಿ ನೋಡಿದರೆ ಮೊದಲ ಪದ ಆಗಲೇ ಕಪ್ಪಿನ ಕಡೆ ವಾಲಿರುತ್ತದೆ. ಮರುದಿನ ತೆರೆದರೆ ಗಾಢ ಮೆರೂನು, ಅಂಚಿನಲ್ಲಿ ಮಾತ್ರ ಕೆಂಪಿನ ಸುಳಿವು.

ಈ ಶಾಯಿಗಳು ಸ್ವಲ್ಪ ಆಮ್ಲೀಯ. ತಿಂಗಳಿಗೊಮ್ಮೆಯಾದರೂ ಪೆನ್ನು ತೊಳೆಯಬೇಕು. ಅಗ್ಗದ ಉಕ್ಕಿನ ನಿಬ್ಬಿನಲ್ಲಿ ತಿಂಗಳುಗಟ್ಟಲೆ ಬಿಡುವುದು ಬೇಡ. ಅಷ್ಟು ಜೋಪಾನ ಮಾಡಲು ಆಗುತ್ತದೆ ಅಂದರೆ, ಮಕ್ಕಳ ಬಗ್ಗೆ ಬರೆಯುವ ದಿನಚರಿಗೆ, ಅಜ್ಜಿ ಹೇಳಿದ ಅಡುಗೆ ಬರೆದಿಡುವ ಪುಸ್ತಕಕ್ಕೆ, ಮೂವತ್ತು ವರ್ಷ ಆದ ಮೇಲೂ ಯಾರೋ ತೆರೆದು ಓದಬೇಕಾದ ಏನಕ್ಕೇ ಆಗಲಿ ನಾನು ಐರನ್ ಗಾಲ್ ಬಿಟ್ಟು ಬೇರೆ ಹೇಳುವುದಿಲ್ಲ. ಕ್ಲಾಸಿನ ನೋಟ್ಸು, ಆಫೀಸಿನ ಪಟ್ಟಿ, ಸ್ನೇಹಿತರಿಗೆ ಬರೆಯುವ ಕಾಗದಕ್ಕೆ ಡೈ ಶಾಯಿ ಧಾರಾಳ ಸಾಕು.

ಚಿತ್ರಕಲೆಯ ಅಂಗಡಿಯಲ್ಲಿ ಸಿಗುವ ಡ್ರಾಯಿಂಗ್ ಇಂಕನ್ನು ಮಾತ್ರ ಪೆನ್ನಿಗೆ ಹಾಕಲೇಬೇಡಿ. ಅದರಲ್ಲಿ ಅರಗು ಇರುತ್ತದೆ. ಅದ್ದಿ ಬರೆಯುವ ನಿಬ್ಬಿಗೆ ಅದು ಸರಿ. ಇಂಕ್ ಪೆನ್ನಿನ ಫೀಡಿನಲ್ಲಿ ಒಣಗಿದರೆ ಪೆನ್ನೇ ಹಾಳು.

ಕಾಗದ, ನಿಬ್ಬು, ನಮ್ಮ ಅಕ್ಷರ

ಶಾಯಿಯ ಬಗ್ಗೆ ಸಿಗುವ ಬರಹ, ವಿಡಿಯೊಗಳಲ್ಲಿ ಬಹುಪಾಲು ಇಂಗ್ಲಿಷ್ ಬರವಣಿಗೆಯನ್ನೇ ತೋರಿಸುತ್ತವೆ. ಕನ್ನಡ ಬರೆಯುವವರಿಗೆ ಅದರಿಂದ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ನಮ್ಮ ಅಕ್ಷರಗಳಲ್ಲಿ ಸುರುಳಿ ಜಾಸ್ತಿ, ಕೆಳಗೆ ಒತ್ತು ಬೇರೆ. ಮಾಮೂಲಿ ಲಾಂಗ್ ಬುಕ್ಕಿನಲ್ಲಿ ಮೀಡಿಯಂ ನಿಬ್ಬು ಹಿಡಿದು ‘ರಾಷ್ಟ್ರ’ ಅಂತ ಬರೆದು ನೋಡಿ. ಪೈಲಟ್ ಕಂಪನಿಯ ಇರೊಶಿಜುಕು ಶಾಯಿಗಳು ಧಾರಾಳವಾಗಿ ಹರಿಯುವಂಥವು. ಆ ಶಾಯಿಯಲ್ಲಿ ಷಕಾರದ ಕೆಳಗಿನ ಟಕಾರದ ಒತ್ತಿನ ಪುಟ್ಟ ಸುರುಳಿ ಮುಚ್ಚಿಕೊಂಡು ಚುಕ್ಕೆಯಾಗುತ್ತದೆ. ರಕಾರದ ಒತ್ತು ಅದಕ್ಕೆ ಅಂಟಿಕೊಳ್ಳುತ್ತದೆ. ಅದೇ ಪೆನ್ನಿಗೆ ಪೆಲಿಕಾನ್ ಕಂಪನಿಯ 4001 ಸಾಲಿನ ಶಾಯಿ ಹಾಕಿ. ಅದು ಸ್ವಲ್ಪ ಒಣ ಸ್ವಭಾವದ್ದು, ಹರಿವು ಕಡಿಮೆ. ಈಗ ಸುರುಳಿಯ ಒಳಗೆ ಬಿಳಿ ಕಾಣುತ್ತದೆ, ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪೆನ್ನು ಬದಲಾಗಿಲ್ಲ, ಕಾಗದ ಬದಲಾಗಿಲ್ಲ, ಕೈಬರಹ ಮಾತ್ರ ಚೊಕ್ಕ ಆಗಿಬಿಟ್ಟಿತು!

ಇದರ ಇನ್ನೊಂದು ಮುಖವೂ ಇದೆ. ಒಂದೇ ಗೆರೆಯೊಳಗೆ ಬಣ್ಣ ಒಂದು ಕಡೆ ತಿಳಿ, ಒಂದು ಕಡೆ ಗಾಢ ಆಗುವುದಕ್ಕೆ ಶೇಡಿಂಗ್ ಅನ್ನುತ್ತಾರೆ. ನಿಬ್ಬು ನಿಧಾನ ಆದ ಕಡೆ, ಎತ್ತಿದ ಕಡೆ ಶಾಯಿ ಮಡುಗಟ್ಟಿ ನಿಂತು ಹಾಗಾಗುತ್ತದೆ. ಕನ್ನಡದ ಉದ್ದುದ್ದ ಬಾಗುಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ತಲೆಕಟ್ಟಿನ ತುದಿ, ದೀರ್ಘದ ಬಾಲ, ಅಕಾರದ ಕೊನೆಯ ತಿರುವು ಎಲ್ಲ ಒಂದು ಛಾಯೆ ಹೆಚ್ಚು ಗಾಢವಾಗಿ ಬರುತ್ತವೆ. ಶೇಡಿಂಗ್ ಇರುವ ಕಂದು ಶಾಯಿಯಲ್ಲಿ ಬರೆದ ಕನ್ನಡ ಪುಟ ನೋಡಲು ಅಷ್ಟು ಚೆಂದ ಇರುವುದು ಇದಕ್ಕೇ.

ಕಾಗದದ ವಿಷಯದಲ್ಲಿ ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ನೋಡಿ ಮೋಸ ಹೋಗುವವರು ಜಾಸ್ತಿ. ದಪ್ಪ ಇದ್ದರೆ ಒಳ್ಳೆಯದು ಅಂತಿಲ್ಲ. ಜಪಾನಿನ ಟೊಮೊಎ ರಿವರ್ ಕಾಗದ ಬರೀ 52 ಜಿಎಸ್‌ಎಂ, ಬೆರಳು ಕಾಣುವಷ್ಟು ತೆಳು. ಆದರೂ ಶಾಯಿ ಹಿಂದಕ್ಕೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಕೂತು ನಿಧಾನ ಒಣಗುತ್ತದೆ. ಅದಕ್ಕಿಂತ ದಪ್ಪನೆಯ ಎಷ್ಟೋ ಜೆರಾಕ್ಸ್ ಹಾಳೆಗಳು ಶಾಯಿಯನ್ನು ಹೀರಿ ಅಕ್ಷರದ ಅಂಚನ್ನು ಒಡೆಯುತ್ತವೆ. ತಯಾರಿಸುವಾಗ ಕಾಗದಕ್ಕೆ ಎಂಥ ಲೇಪ ಕೊಟ್ಟಿದ್ದಾರೆ ಅನ್ನುವುದರ ಮೇಲೆ ಇದು ನಿಂತಿದೆ. ಹೊಸ ನೋಟ್‌ಬುಕ್ ತಂದರೆ ಕೊನೆಯ ಪುಟದಲ್ಲಿ ನಾಲ್ಕು ಸಾಲು ಬರೆದು, ಒಣಗಿದ ಮೇಲೆ ಹಾಳೆ ತಿರುಗಿಸಿ ನೋಡಿ. ಅಷ್ಟು ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಕಡೆ, ಕಾಗದ ತೇವ ಎಳೆದುಕೊಂಡಿರುತ್ತದೆ. ಬೇಸಿಗೆಯಲ್ಲಿ ಚೊಕ್ಕವಾಗಿ ನಿಂತ ಶಾಯಿ ಆಗ ಹರಡಬಹುದು.

ನಿಬ್ಬಿನ ಲೆಕ್ಕ ಸುಲಭ. ಜಪಾನಿನ ಫೈನ್ ನಿಬ್ಬು ಯುರೋಪಿನ ಫೈನ್‌ಗಿಂತ ಸಣ್ಣ. ಗೆರೆ ಸಣ್ಣದಾದಷ್ಟೂ ತಿಳಿ ಬಣ್ಣ ಕಾಣುವುದಿಲ್ಲ, ಶೇಡಿಂಗ್ ಅಂತೂ ಮಾಯ. ಎಕ್ಸ್‌ಟ್ರಾ ಫೈನ್, ಫೈನ್ ಇರುವವರು ಗಾಢ ಬಣ್ಣಕ್ಕೆ ಹೋಗಿ. ಬ್ರಾಡ್, ಸ್ಟಬ್ (ಚಪ್ಪಟೆ ತುದಿಯ ನಿಬ್ಬು) ಇರುವವರಿಗೆ ಯಾವ ಬಣ್ಣವೂ ಆಗುತ್ತದೆ.

ರಾಜಮಹೇಂದ್ರವರದ ರತ್ನಂ, ತಮಿಳುನಾಡಿನ ರಂಗಾ ಥರದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳನ್ನು ಡ್ರಾಪರಿನಲ್ಲಿ ತುಂಬಿಸುವವರು ಇನ್ನೊಂದು ವಿಷಯ ನೆನಪಿಡಬೇಕು. ಕನ್ವರ್ಟರಿನಲ್ಲಿ, ಅಂದರೆ ಪೆನ್ನೊಳಗೆ ಸಿಕ್ಕಿಸುವ ಶಾಯಿಯ ಕೊಳವೆಯಲ್ಲಿ, ಒಂದು ಮಿಲಿಲೀಟರ್ ಹಿಡಿಸುವುದೂ ಕಷ್ಟ. ಈ ಪೆನ್ನುಗಳು ಅದರ ಎರಡು, ಮೂರು ಪಟ್ಟು ಕುಡಿಯುತ್ತವೆ. ಒಮ್ಮೆ ತುಂಬಿಸಿದ ಬಣ್ಣದ ಜೊತೆ ವಾರಗಟ್ಟಲೆ ಇರಬೇಕು. ಒಳಗೆ ಶಾಯಿ ಕಡಿಮೆ ಆದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಂದು ಹನಿ ಹೊರಗೆ ಬೀಳುವುದೂ ಉಂಟು. ತೊಳೆದರೂ ಕಲೆ ಹೋಗದ ಶಾಯಿಗೆ ಇದು ತಕ್ಕ ಪೆನ್ನಲ್ಲ. ಬೇಸರ ಬಾರದ, ಬಟ್ಟೆಯಿಂದ ಹೋಗುವ, ಸೌಮ್ಯ ಡೈ ಶಾಯಿಯೇ ಇವಕ್ಕೆ ಸರಿ.

ಈಗ ಬಣ್ಣಗಳು

ಮೊದಲ ಬಣ್ಣದ ಶಾಯಿ ಯಾವುದಿರಲಿ ಅಂದರೆ ನನ್ನ ಉತ್ತರ ಮೆರೂನು. ದೂರದಿಂದ ನೋಡಿದರೆ ಕಪ್ಪಿನಷ್ಟೇ ಗಂಭೀರ, ಹತ್ತಿರ ಬಂದರೆ ಕೆಂಪು. ಪುಟಗಟ್ಟಲೆ ಓದಿದರೂ ಕಣ್ಣಿಗೆ ಆಯಾಸ ಇಲ್ಲ. ಫೈನ್ ನಿಬ್ಬಿನಲ್ಲೂ ಗೆರೆ ಕಾಣುತ್ತದೆ. ಇದರಲ್ಲಿ ಎರಡು ಶಾಯಿಗಳನ್ನು ಎದುರುಬದುರು ಇಟ್ಟು ನೋಡುವುದು ಒಳ್ಳೆಯದು. ಡಯಮೈನ್‌ನ ಆಕ್ಸ್‌ಬ್ಲಡ್ ಮಣ್ಣಿನ ಕಡೆ ವಾಲುವ ಕಡುಗೆಂಪು. ಪೈಲಟ್‌ನ ಯಾಮಾ-ಬುಡೊ ಜಪಾನಿನ ಕಾಡುದ್ರಾಕ್ಷಿಯ ಹೆಸರಿನದು, ನೇರಳೆ ಕಡೆ ವಾಲುತ್ತದೆ. ಒಳ್ಳೆಯ ಕಾಗದದಲ್ಲಿ ಅಕ್ಷರದ ಅಂಚಿಗೆ ಹೊನ್ನಿನ ಮಿರುಗು ಬರುತ್ತದೆ. ಯಾಮಾ-ಬುಡೊ ಹೆಚ್ಚು ಹರಿಯುತ್ತದೆ, ಹೆಚ್ಚು ಬೆಳಗುತ್ತದೆ, ಬೆಲೆಯೂ ಹೆಚ್ಚು. ಆಕ್ಸ್‌ಬ್ಲಡ್ 30 ಮಿಲಿಲೀಟರಿನ ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲೂ ಸಿಗುತ್ತದೆ. ಮೊದಲ ಸಲಕ್ಕೆ ಆಕ್ಸ್‌ಬ್ಲಡ್ ತೆಗೆದುಕೊಳ್ಳಿ. ನೇರಳೆ ಛಾಯೆ ಇಷ್ಟಪಡುವವರು, ಕಾಗದಕ್ಕೂ ಖರ್ಚು ಮಾಡುವವರು ಯಾಮಾ-ಬುಡೊಗೆ ಹೋಗಿ.

ಎರಡನೆಯ ಜಾಗ ನವಿಲು ಬಣ್ಣಕ್ಕೆ. ಸೀರೆ ಅಂಗಡಿಯವರು ರಾಮಾ ಗ್ರೀನ್ ಅನ್ನುತ್ತಾರಲ್ಲ, ಆ ನೀಲಿ-ಹಸಿರು. ನೀಲಿಯಿಂದ ತುಂಬ ದೂರ ಹೋಗಲು ಅಳುಕುವವರಿಗೆ ಇದು ಹದವಾದ ಹೆಜ್ಜೆ. ಪೈಲಟ್‌ನ ಕು-ಜಾಕು ಅಂದರೆ ನವಿಲೇ. ಯಾವ ಕಾಗದದಲ್ಲೂ ನಯವಾಗಿ ನಡೆದುಕೊಳ್ಳುತ್ತದೆ. ಸೇಲರ್‌ನ ಯಾಮಾ-ಡೋರಿ ಇನ್ನೂ ಗಾಢ, ಗೆರೆ ದಪ್ಪ ಇದ್ದ ಕಡೆ ಕೆಂಪು ಮಿರುಗು. ಫ್ರಾನ್ಸಿನ ಎರ್ಬಾನ್ ಕಂಪನಿ 2015ರಲ್ಲಿ ತಂದ ಎಮರಾಲ್ಡ್ ಆಫ್ ಶಿವೊರ್ ಇದೇ ಬಣ್ಣಕ್ಕೆ ಚಿನ್ನದ ಪುಡಿ ಸೇರಿಸಿದಂತೆ ಕಾಣುತ್ತದೆ. ದಿನದ ಬರವಣಿಗೆಗೆ ಕು-ಜಾಕು, ಶುಭಾಶಯ ಪತ್ರಕ್ಕೆ ಎಮರಾಲ್ಡ್. ನಡುವಿನ ಜಾಗ ಯಾಮಾ-ಡೋರಿಯದು.

ಕಂದು ಬಣ್ಣ ಹಳೆಯ ಕಾಗದ-ಪತ್ರದ ನೆನಪು ತರುತ್ತದೆ, ತಿಳಿಹಳದಿ ಕಾಗದದ ಮೇಲೆ ಇದರಷ್ಟು ಹೊಂದುವ ಬಣ್ಣ ಇನ್ನೊಂದಿಲ್ಲ. ಬಿಳಿ ಹಾಳೆಯಲ್ಲಿ ಸ್ವಲ್ಪ ಮಂಕು. ಪೈಲಟ್‌ನ ಯಾಮಾ-ಗುರಿ ಕಪ್ಪಿಗೆ ಹತ್ತಿರ, ಆಫೀಸಿನಲ್ಲೂ ಯಾರೂ ಹುಬ್ಬೇರಿಸುವುದಿಲ್ಲ. ಡಯಮೈನ್‌ನ ಏನ್ಷಂಟ್ ಕಾಪರ್ ಇಟ್ಟಿಗೆಯ ಕೆಂಪು ಬೆರೆತ ಕಂದು. ಶೇಡಿಂಗ್ ಅದ್ಭುತ. ಆದರೆ ನಿಬ್ಬಿನ ಸೀಳಿನ ಸುತ್ತ ಪುಡಿಪುಡಿಯಾದ ಹೆಪ್ಪು ಕಟ್ಟುವ ಗುಣ ಅದಕ್ಕಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಪೆನ್ನಿಗೆ ಏನೂ ಆಗುವುದಿಲ್ಲ. ದಿನಾ ಒರೆಸುವ ತಾಳ್ಮೆ ಇಲ್ಲದಿದ್ದರೆ ಯಾಮಾ-ಗುರಿಯೇ ಕ್ಷೇಮ.

ಹಸಿರಿನಲ್ಲಿ ಎರಡು ಪಂಗಡ. ಗಿಳಿಹಸಿರು, ಎಳೆ ಹುಲ್ಲಿನ ಹಸಿರು ಎಲ್ಲ ನೋಡಲು ಮುದ್ದು. ಅವುಗಳಲ್ಲಿ ಇಡೀ ಪುಟ ಬರೆದರೆ ಓದಲು ಹಿಂಸೆ. ಪೈಲಟ್‌ನ ಚಿಕು-ರಿನ್ ಬಿದಿರ ಮೆಳೆಯ ಹೆಸರಿನ ಸೊಗಸಾದ ಹಸಿರು, ಆದರೆ ಬ್ರಾಡ್ ನಿಬ್ಬು ಇಲ್ಲದವರು ಅದರ ತಂಟೆಗೆ ಹೋಗಬೇಡಿ. ಕಾಡಿನ ಹಸಿರು ಹಾಗಲ್ಲ. ಡಯಮೈನ್‌ನ ಶೆರ್ವುಡ್ ಗ್ರೀನ್, ಪೈಲಟ್‌ನ ಶಿನ್-ರ್ಯೊಕು ಎರಡೂ ದಿನವಿಡೀ ಬರೆಯಲು ಆಗುವಂಥವು. ಶೆರ್ವುಡ್ ಅಪ್ಪಟ ಹಸಿರು, ಶಿನ್-ರ್ಯೊಕುವಿನಲ್ಲಿ ನೀಲಿಯ ಅಂಶ ಇದೆ. ಟ್ಯೂಬ್‌ಲೈಟಿನ ಕೆಳಗೆ ಎರಡನೆಯದು ಕಪ್ಪಿನ ಹಾಗೆ ಕಾಣುತ್ತದೆ. ಅದು ಬೇಡ ಅನ್ನುವವರಿಗೆ ಶೆರ್ವುಡ್.

ನೇರಳೆ ಇಷ್ಟಪಡುವವರಿಗೆ ಒಂದು ಮಾತು. ಪಾರದರ್ಶಕ ಪೆನ್ನಿಗೆ ಹಾಕುವ ಮುನ್ನ ಯೋಚಿಸಿ. ನೇರಳೆ ಮತ್ತು ಗುಲಾಬಿ ಡೈಗಳು ಪ್ಲಾಸ್ಟಿಕ್ಕಿಗೆ ಕಲೆ ಬಿಡುವುದರಲ್ಲಿ ಮುಂದು. ಎರ್ಬಾನ್‌ನ ಪುಸಿಯೆರ್ ದ ಲ್ಯೂನ್ ಮಬ್ಬಾದ, ಬೂದಿ ಬೆರೆತ ನೇರಳೆ. ಗಾಢ ನೇರಳೆಗಳಷ್ಟು ಕಿರುಚುವುದಿಲ್ಲ, ನನಗೆ ಅದೇ ಹಿತ.

ಟರ್ಕಾಯಿಸ್, ಅಂದರೆ ತಿಳಿ ಹಸಿರುನೀಲಿಯ ಬಗ್ಗೆ ನನ್ನ ಅಭಿಪ್ರಾಯ ಬಹಳ ಜನರಿಗೆ ಒಪ್ಪಿಗೆ ಆಗಲಿಕ್ಕಿಲ್ಲ. ಬಣ್ಣ ಚೆಂದವೇ. ಲ್ಯಾಮಿ ಕಂಪನಿಯದಂತೂ ಶೇಡಿಂಗಿನಿಂದ ಕಣ್ಣು ಸೆಳೆಯುತ್ತದೆ. ಆದರೆ ತಲೆಬರಹಕ್ಕೆ, ಅಡಿಗೆರೆಗೆ, ಪಕ್ಕದ ಟಿಪ್ಪಣಿಗೆ ಅದು ಸರಿ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಸೋಲುತ್ತದೆ. ಕಿತ್ತಳೆ, ಗುಲಾಬಿಗೂ ಇದೇ ಮಾತು. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರುಗಳಿಗೆ ಮಾತ್ರ ಕೆಂಪಿನ ಬದಲು ಪೈಲಟ್‌ನ ಫುಯು-ಗಾಕಿ ಅನ್ನುವ ಕಿತ್ತಳೆಗೆಂಪು ಹೇಳುತ್ತೇನೆ. ಎದ್ದು ಕಾಣುತ್ತದೆ, ಆದರೂ ಮಕ್ಕಳಿಗೆ ಹೆದರಿಕೆ ಹುಟ್ಟಿಸುವ ಕೆಂಪಲ್ಲ. ಹಳದಿ ಬರೆಯಲು ಅಲ್ಲ, ಗುರುತು ಹಾಕಲು.

ಬೂದು ಬಣ್ಣವನ್ನು ಯಾರೂ ಮೊದಲು ಕೇಳುವುದಿಲ್ಲ, ಕೊನೆಗೆ ಅಲ್ಲಿಗೇ ಬಂದು ನಿಲ್ಲುವವರು ಬಹಳ. ಪೈಲಟ್‌ನ ಕಿರಿ-ಸಾಮೆ ಪೆನ್ಸಿಲಿನ ಹಾಗೆ ಮೃದು. ಸೇಲರ್ ಇಂಕ್ ಸ್ಟುಡಿಯೋ ಸಾಲಿನ 123 ಇನ್ನೂ ವಿಚಿತ್ರ. ಒಂದೇ ಪದದಲ್ಲಿ ಒಂದು ಕಡೆ ನೇರಳೆ, ಒಂದು ಕಡೆ ಹಸಿರು ಇಣುಕುತ್ತದೆ. ಒಂದು ಹನಿಯನ್ನು ಟಿಶ್ಯೂ ಮೇಲೆ ಬಿಟ್ಟು, ಪಕ್ಕದಲ್ಲಿ ನೀರಿನ ಹನಿ ಹಾಕಿ ನೋಡಿ. ಬೇರೆ ಬೇರೆ ಡೈಗಳು ಬೇರೆ ಬೇರೆ ವೇಗದಲ್ಲಿ ಹರಿದು, ಆ ಬೂದು ಬಣ್ಣದೊಳಗೆ ಏನೇನು ಬೆರೆಸಿದ್ದಾರೆ ಅನ್ನೋದು ಉಂಗುರ ಉಂಗುರವಾಗಿ ಬಿಚ್ಚಿಕೊಳ್ಳುತ್ತದೆ. ತಿಳಿ ಬೂದು ಆದ್ದರಿಂದ ಮೀಡಿಯಂಗಿಂತ ಸಣ್ಣ ನಿಬ್ಬಿಗೆ ಬೇಡ.

ಮಿರುಗು ಬೇಕೋ, ಮಿನುಗು ಬೇಕೋ

ಎರಡೂ ಒಂದೇ ಅಂದುಕೊಂಡು ಕೊಳ್ಳುವವರಿದ್ದಾರೆ. ಮಿರುಗು ಅಥವಾ ಶೀನ್ ಅಂದರೆ ಡೈ ಗಾಢವಾಗಿದ್ದು, ಕಾಗದದ ಮೇಲ್ಮೈಯಲ್ಲೇ ಒಣಗಿ ಇನ್ನೊಂದು ಬಣ್ಣದಲ್ಲಿ ಹೊಳೆಯುವುದು. ನೀಲಿ ಶಾಯಿಗೆ ಕೆಂಪು ಮಿರುಗು ಬರುವುದು ಹೀಗೆ. ಹೀರುವ ಕಾಗದದಲ್ಲಿ ಡೈ ಒಳಗೆ ಇಳಿದುಬಿಡುತ್ತದೆ, ಮಿರುಗು ಬರುವುದೇ ಇಲ್ಲ. ಮಾಮೂಲಿ ನೋಟ್‌ಬುಕ್ಕಿನವರು ಶೀನ್‌ಗೆಂದು ಹೆಚ್ಚಿನ ದುಡ್ಡು ಕೊಡುವುದು ದಂಡ. ಮಿರುಗು ವಿಪರೀತ ಇರುವ ಶಾಯಿಗಳಲ್ಲಿ ಇನ್ನೊಂದು ತೊಂದರೆ ಇದೆ. ಅಮೆರಿಕದ ಆರ್ಗ್ಯಾನಿಕ್ಸ್ ಸ್ಟುಡಿಯೋದ ನೈಟ್ರೋಜನ್ ಇದಕ್ಕೆ ಹೆಸರಾದದ್ದು. ಒಣಗಿದಂತೆ ಕಂಡರೂ ಬೆವರಿನ ಕೈ ತಾಗಿದರೆ ದಿನಗಳಾದ ಮೇಲೂ ಮೆತ್ತಿಕೊಳ್ಳುತ್ತದೆ. ಎಡಗೈಯಲ್ಲಿ ಬರೆಯುವವರು ಇಂಥದ್ದನ್ನು ಕೈಬಿಡುವುದೇ ವಾಸಿ. ಹದವಾಗಿ ಮಿರುಗುವ ಡಯಮೈನ್ ಮೆಜೆಸ್ಟಿಕ್ ಬ್ಲೂ ಕೂಡ ನಿಧಾನ ಒಣಗುತ್ತದೆ, ಆದರೆ ಅಷ್ಟು ಕಾಡುವುದಿಲ್ಲ.

ಮಿನುಗು ಅಥವಾ ಶಿಮ್ಮರ್ ಶಾಯಿಯಲ್ಲಿ ನಿಜವಾಗಿಯೂ ಹೊಳೆಯುವ ಕಣಗಳಿರುತ್ತವೆ. ಅವು ಯಾವ ಕಾಗದದಲ್ಲೂ ಮಿನುಗುತ್ತವೆ. ಆದರೆ ತಳಕ್ಕೆ ಕೂರುತ್ತವೆ, ಬರೆಯುವ ಮುನ್ನ ಪೆನ್ನನ್ನು ಮೆಲ್ಲಗೆ ಉರುಳಿಸಬೇಕು. ಸಣ್ಣ ನಿಬ್ಬಿನಲ್ಲಿ ಕಟ್ಟಿಕೊಳ್ಳುತ್ತವೆ. ಒಂದು ಅಗ್ಗದ ಪೆನ್ನನ್ನು ಇದಕ್ಕೆಂದೇ ಎತ್ತಿಡಿ. ಪ್ಲಾಟಿನಂ ಪ್ರೆಪಿ ಒಳ್ಳೆಯ ಆಯ್ಕೆ. ಅದರ ಮುಚ್ಚಳದೊಳಗೆ ಗಾಳಿಯಾಡದ ಸೀಲ್ ಇದೆ, ತಿಂಗಳುಗಟ್ಟಲೆ ಶಾಯಿ ಒಣಗುವುದಿಲ್ಲ.

ನಮ್ಮ ದೇಶದವು, ಹೊರಗಿನವು

ಕ್ಯಾಮ್ಲಿನ್ 1931ರಲ್ಲಿ ಶುರುವಾದದ್ದೇ ಕುದುರೆ ಗುರುತಿನ ಶಾಯಿಯಿಂದ. ಪಾರ್ಕರ್‌ನ ಕ್ವಿಂಕ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಇವತ್ತಿಗೂ ಸ್ಟೇಷನರಿ ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸಿಗುವುದು ಕ್ಯಾಮ್ಲಿನ್ ಮತ್ತು ಬ್ರಿಲ್. ಬಣ್ಣ ಕೆಲವೇ ಇವೆ, ಆದರೆ ಪೆನ್ನಿಗೆ ಕಷ್ಟ ಕೊಡುವುದಿಲ್ಲ. ಹಸಿರು, ನೇರಳೆ ನಮಗೆ ಒಗ್ಗುತ್ತದೋ ಇಲ್ಲವೋ ಅಂತ ನೋಡಲು ಮೊದಲು ಬ್ರಿಲ್ ಬಾಟಲಿ ತನ್ನಿ. ಒಗ್ಗಿದರೆ ಮುಂದೆ ದುಬಾರಿಯದಕ್ಕೆ ಹೋಗಬಹುದು. ಬಂಗಾಳದಲ್ಲಿ 1934ರಲ್ಲಿ ಸ್ವದೇಶಿ ಚಳವಳಿಯ ಕಾವಿನಲ್ಲಿ ಹುಟ್ಟಿದ ಸುಲೇಖಾ, ಎಷ್ಟೋ ವರ್ಷ ಬಾಗಿಲು ಮುಚ್ಚಿದ್ದು, ಈಗ ಮತ್ತೆ ಬಣ್ಣಬಣ್ಣದ ಶಾಯಿ ತರುತ್ತಿದೆ. ಅದನ್ನು ಕೊಳ್ಳುವಾಗ ಮನಸ್ಸಿಗೆ ಒಂದು ಬೇರೆ ಖುಷಿ.

ಕೇರಳದ ಕೃಷ್ಣಾ ಶಾಯಿಗಳು ಇವುಗಳಿಗಿಂತ ಬೇರೆ. ಶೀನ್, ಶೇಡಿಂಗ್ ಎರಡರಲ್ಲೂ ಹೊರದೇಶದ ಬಾಟಲಿಗಳಿಗೆ ಸಾಟಿ ನಿಲ್ಲುತ್ತವೆ. ಜಂಗಲ್ ವೊಲ್ಕೇನೊ ಅನ್ನುವ ಕಿತ್ತಳೆಯಲ್ಲಿ ಹಸಿರು ಮಿರುಗು ಏಳುವುದನ್ನು ಕಣ್ಣಾರೆ ನೋಡಬೇಕು. ಸಣ್ಣ ಬಾಟಲಿಗಳು, ಮಿತವಾದ ಬೆಲೆ. ಪ್ರಯೋಗ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿ ಇಲ್ಲ ಅಂತಲೇ ನನ್ನ ನಂಬಿಕೆ. ಕೆಲವು ತುಂಬ ಸಾಂದ್ರ, ಧಾರಾಳ ಹರಿವಿನ ಪೆನ್ನು ಬೇಡುತ್ತವೆ. ಪೈಲಟ್‌ನ ಇರೊಶಿಜುಕು 15 ಮಿಲಿಲೀಟರಿನ ಪುಟ್ಟ ಬಾಟಲಿಗಳಲ್ಲೂ ಬರುತ್ತದೆ. ಮಿಲಿಲೀಟರಿಗೆ ಲೆಕ್ಕ ಹಾಕಿದರೆ ದುಬಾರಿ, ಆದರೂ ಹಿಡಿಸದ ಬಣ್ಣದ ದೊಡ್ಡ ಬಾಟಲಿ ಮನೆಯಲ್ಲಿ ಕೂರುವುದಕ್ಕಿಂತ ಲಾಭ. ಪೆನ್ನಿನ ಹುಚ್ಚಿರುವ ಗೆಳೆಯರಿದ್ದರೆ ಎರಡೆರಡು ಮಿಲಿಲೀಟರ್ ಹಂಚಿಕೊಳ್ಳುವುದು ಎಲ್ಲಕ್ಕಿಂತ ಚೆನ್ನ.

ಆಫೀಸು, ಬ್ಯಾಂಕು, ಪರೀಕ್ಷೆ

ಪರೀಕ್ಷೆಯಲ್ಲಿ ನೀಲಿ, ಕಪ್ಪು ಬಿಟ್ಟು ಬೇರೆ ಯೋಚನೆಯೇ ಬೇಡ. ಸರ್ಕಾರಿ ಕಡತಗಳಲ್ಲೂ ಬಣ್ಣಕ್ಕೆ ಕಟ್ಟುಪಾಡಿದೆ. ಕೇಂದ್ರ ಸರ್ಕಾರದ ಕಚೇರಿ ಕೈಪಿಡಿಯ ಪ್ರಕಾರ ಹಸಿರು, ಕೆಂಪು ಶಾಯಿ ಜಂಟಿ ಕಾರ್ಯದರ್ಶಿ ಮತ್ತು ಅದಕ್ಕೆ ಮೇಲಿನವರಿಗೆ, ಅದೂ ಅಪರೂಪಕ್ಕೆ. ಚೆಕ್ಕಿನ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇಂಥದ್ದೇ ಬಣ್ಣ ಅಂತ ಹೇಳಿಲ್ಲ. ಈಗ ಚೆಕ್ಕಿನ ಸ್ಕ್ಯಾನ್ ಮಾಡಿದ ಚಿತ್ರವೇ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ, ಹಾಗಾಗಿ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಶಾಯಿ ಇರಬೇಕು. ಬೂದು, ಟರ್ಕಾಯಿಸ್, ಕಿತ್ತಳೆಯನ್ನು ಚೆಕ್ಕಿಗೆ ತರಬೇಡಿ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ತೊಳೆದುಹೋಗುವ ರಾಯಲ್ ಬ್ಲೂ ಶಾಯಿಯನ್ನು ಅಳಿಸಲೆಂದೇ ಪೆನ್ನುಗಳಿವೆ, ಅದರಲ್ಲಿ ಉಜ್ಜಿದರೆ ಅಕ್ಷರ ಮಾಯ. ಚೆಕ್ಕಿಗೆ, ಕರಾರುಪತ್ರಕ್ಕೆ ಐರನ್ ಗಾಲ್ ಇಲ್ಲವೇ ಪಿಗ್ಮೆಂಟ್ ಶಾಯಿಯಲ್ಲಿ ಸಹಿ ಹಾಕಿ.

ಬಣ್ಣ ಬದಲಾಯಿಸುವಾಗ

ಒಂದು ಕಂಪನಿಯ ಶಾಯಿಯನ್ನು ಇನ್ನೊಂದರ ಜೊತೆ ಬೆರೆಸಬೇಡಿ. ಒಂದು ಆಮ್ಲ, ಒಂದು ಕ್ಷಾರ ಇದ್ದರೆ ಒಳಗೆ ಗಸಿಯಾಗಿ ಕೂರುತ್ತದೆ. ಅಮೆರಿಕದ ನೂಡ್ಲರ್ಸ್ ಕಂಪನಿಯ ಬೇಸ್ಟೇಟ್ ಬ್ಲೂ ಇದಕ್ಕೆ ಕುಖ್ಯಾತ. ಬಣ್ಣ ಕಣ್ಣು ಕೋರೈಸುವ ನೀಲಿ, ಆದರೆ ಕ್ಷಾರೀಯ, ಪ್ಲಾಸ್ಟಿಕ್ಕಿಗೆ ಕಲೆ ಗ್ಯಾರಂಟಿ. ಅದಕ್ಕೆ ಒಂದು ಪೆನ್ನು ಮೀಸಲಿಡುವವರು ಮಾತ್ರ ಕೊಳ್ಳಿ.

ತೊಳೆಯಲು ತಣ್ಣೀರು ಸಾಕು, ಬಿಸಿನೀರು ಬೇಡ. ಬಿಸಿಗೆ ಫೀಡ್ ಸೊಟ್ಟಗಾಗಬಹುದು, ಎಬೊನೈಟಿನ ಬಣ್ಣ ಕೆಡಬಹುದು. ನಿಬ್ಬಿನ ಭಾಗದ ಹಿಂಬದಿಗೆ ರಬ್ಬರ್ ಬಲ್ಬಿನಿಂದ ನೀರು ಒತ್ತಿದರೆ ಕೆಲಸ ಬೇಗ ಆಗುತ್ತದೆ. ಹಟಮಾರಿ ಡೈಗೆ ನೀರಿಗೆ ಕೆಲವೇ ಹನಿ ಅಮೋನಿಯಾ ಬೆರೆಸಿ, ಆಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಐರನ್ ಗಾಲ್ ತೆಗೆದ ಮೇಲೆ ಮಾತ್ರ ಮೊದಲು ಬರೀ ನೀರಿನಲ್ಲೇ ಪೂರ್ತಿ ತೊಳೆಯಬೇಕು. ಒಳಗೆ ಉಳಿದ ಶಾಯಿಗೆ ಅಮೋನಿಯಾ ಸೇರಿದರೆ ಕಬ್ಬಿಣ ಅಲ್ಲೇ ಗಟ್ಟಿಯಾಗುತ್ತದೆ. ಒಂದೇ ಪೆನ್ನಿನಲ್ಲಿ ಹಲವು ಬಣ್ಣ ನೋಡುವವರು ತಿಳಿಯಿಂದ ಗಾಢದ ಕಡೆ ಹೋಗಿ. ಕಿತ್ತಳೆ ಆದ ಮೇಲೆ ಮೆರೂನು ಹಾಕಿದರೆ ಒಂದೆರಡು ಸಲ ಜಾಲಿಸಿದರೂ ನಡೆಯುತ್ತದೆ. ಮೆರೂನು ಆದ ಮೇಲೆ ಕಿತ್ತಳೆ ಹಾಕುವುದಾದರೆ, ನಿಬ್ಬನ್ನು ಬಿಳಿ ಟಿಶ್ಯೂಗೆ ಒತ್ತಿದಾಗ ಬಣ್ಣದ ಗುರುತೂ ಬಾರದಿರುವ ತನಕ ತೊಳೆಯಬೇಕು.